ಡಾಂಬರು ಬಿಟ್ಟ ಗಾಡಿ

ಜಾಕೀರ್ ಕ್ಲಚ್ ಬಿಡುತ್ತ ರೇಸ್ ಒತ್ತಿದ. ಹಿಂದೆ ಎಡಗಡೆಯ ಜೋಡಿ ಗಾಲಿಗಳು ಗರಗರ ತಿರುಗಿದವು. ಲಾರಿ ಇದ್ದಲ್ಲೇ ಇತ್ತು. ಇನ್ನಷ್ಟು ಒತ್ತಿದ. ಕರಿ ಮಣ್ಣು ಮುದ್ದೆ ಮುದ್ದೆಯಾಗಿ ಹಾರಿ, ರಸ್ತೆಯ ಮೇಲೆ ನಿಂತಿದ್ದ ಬಸ್ಸಿನ ಕಿಟಕಿಗೆ ಬಡಿಯಿತು. ಒಳಗೆ ಯಾರೋ ಅಯ್ಯಯ್ಯ ಅಂದರು, ಯಾರೋ ನಕ್ಕರು.

"ಸಾಕ್ ಬಿಡೋ ಮಾರಾಯಾ, ಪಾತಾಳ ಮುಟ್ಟಿಸ್ತೀ ಏನು?" ಬಸ್ಸಿನ ಡ್ರೈವರ್ ಕತ್ತು ಹೊರಗೆ ಹಾಕಿ ಕೂಗಿದ. "ಲೋಡ್ ಗಾಡಿ ಡಾಂಬರ್ ಬಿಟ್ಟು ಯಾಕ ಇಳಿಸಿದಿ? ನಾ ನಿಂತಿದ್ನೆಲ್ಲ!"

"ನಿಮಗ ಸೈಡ್ ಕೊಟ್ನಿರಿ."

"ಸೈಡ್ ಕೇಳಿದಾಂವ ಯಾರು? ಯಾವೂರು ನಿಂದು?"

"ದುಮ್ಮವಾಡರಿ. ಕಲಘಟಗಿ ಬಾಜು."

"ಅದಕ್ಕ!" ಬಸ್ಸಿನವನಿಗೆ ಎಲ್ಲವೂ ಒಂದೇ ಏಟಿಗೆ ತಿಳಿದುಹೋಯಿತು. "ಮಸಾರಿ ಮಂದಿ ನೀವು. ಇದು ಎರಿ ಐತೋ ತಮ್ಮಾ. ಇಲ್ಲೆ ಮರ್ಯಾದಿ ಮಾಡೂದೆಲ್ಲಾ ಡಾಂಬರ್ ಮ್ಯಾಲ ನಿಂತು ಮಾಡಬೇಕು."

ಬಸ್ಸು ಹೋಯಿತು. ಕಿಟಕಿಗಳಿಂದ ತಿರುಗಿ ತಿರುಗಿ ನೋಡುತ್ತಿದ್ದ ಮುಖಗಳೂ ಹೋದವು. ಜಾಕೀರ್ ಎಂಜಿನ್ ಬಂದ್ ಮಾಡಿದ. ಲಾರಿ ಎಡಕ್ಕೆ ವಾಲಿತ್ತು. ಮನೆಯೆತ್ತರಕ್ಕೆ ಹೇರಿದ್ದ ಹತ್ತಿಯ ಅಂಡಿಗೆಗಳ ಭಾರಕ್ಕೆ ಹಗ್ಗ ಕಿರ್ರೆಂದಿತು.

ದುಮ್ಮವಾಡದ ಕಡೆಯ ಕೆಂಪು ಮಸಾರಿಯಲ್ಲಿ ಇವತ್ತು ಮಳೆಯಾದರೆ ನಾಳೆ ಮಧ್ಯಾಹ್ನಕ್ಕೆ ರಸ್ತೆಯ ಅಂಚು ಗಟ್ಟಿಯಾಗಿರುತ್ತದೆ. ಎದುರಿಗೆ ಬಸ್ಸು ಬಂದರೆ ಲೋಡ್ ಇರಲಿ ಇಲ್ಲದಿರಲಿ ಎಡಗಾಲಿ ಇಳಿಸಿ ದಾರಿ ಬಿಡುವುದು ಅಲ್ಲಿಯ ಮರ್ಯಾದೆ. ಬಿಡದವನನ್ನು ಸೊಕ್ಕಿನವನು ಅನ್ನುತ್ತಾರೆ. ನವಲಗುಂದದ ಈ ಕರಿ ಎರೆಮಣ್ಣಿನಲ್ಲಿ ಹಾಗಲ್ಲ. ಮೇಲೆ ಬಿಸಿಲಿಗೆ ಒಣಗಿ ಬಿರುಕು ಬಿಟ್ಟ ಹೊಪ್ಪಳಿಕೆ, ಕೆಳಗೆ ನಾದಿದ ಹಿಟ್ಟು. ಆದ್ದರಿಂದ ಇಲ್ಲಿ ಲೋಡ್ ಗಾಡಿ ಡಾಂಬರಿನ ಮೇಲೆಯೇ ಇರುತ್ತದೆ, ಎದುರಿನವನೇ ನಿಲ್ಲುತ್ತಾನೆ, ಬೇಕಾದರೆ ಹಿಂದೆ ಸರಿಯುತ್ತಾನೆ. ಅದನ್ನು ಯಾರೂ ಸೊಕ್ಕು ಅನ್ನುವುದಿಲ್ಲ. ಹತ್ತಿ ಹೇರಿಕೊಂಡು ಬಂದ ತಿರ್ಲಾಪುರದ ಸಣ್ಣ ಹುಡುಗರಿಗೂ ಗೊತ್ತಿರುವ ಈ ಮಾತು ಜಾಕೀರನಿಗೆ ಗೊತ್ತಿದ್ದರೂ, ಬಸ್ಸು ಎದುರಾದ ಗಳಿಗೆಯಲ್ಲಿ ಅವನ ಕೈ ತನ್ನ ಊರಿನ ಮಣ್ಣನ್ನೇ ನಂಬಿತ್ತು.

ಎಡಗಡೆಯ ಸೀಟಿನಲ್ಲಿ ಅವನ ಉಸ್ತಾದ್ ಹೊಳೆಪ್ಪ ಕೂತಿದ್ದ. ಬಾಯಿ ತುಂಬ ಎಲೆಯಡಿಕೆ. ಮುಖದ ಮೇಲೆ ಏನೂ ಇಲ್ಲ.

"ಕಾಕಾ, ನಿಮಗ ಕಾಣಲಿಲ್ಲೇನ್ರಿ? ಇಳಿಸಬ್ಯಾಡ ಅಂತ ಒಂದ್ ಮಾತು ಅನ್ನಬಾರದಿತ್ತಾ?"

ಹೊಳೆಪ್ಪ ಬಾಗಿಲು ತೆರೆದು ಹೊರಗೆ ಉಗುಳಿದ.

"ಬಾಯಾಗ ಎಲಿ ಇತ್ತು," ಅಂದ.

ಅದು ಚೇಷ್ಟೆಯ ಮಾತಾಗಿರಲಿಲ್ಲ. ಆ ಗಾಡಿಯ ಡ್ರೈವರುಗಳಲ್ಲಿ ಹಿಂದಿನಿಂದ ಒಂದು ರಿವಾಜು ನಡೆದು ಬಂದಿತ್ತು. ಶಿಷ್ಯ ಮೊದಲ ಸಲ ಲೋಡ್ ಹೊತ್ತು ಹೊರಟಾಗ ಉಸ್ತಾದ್ ಎಡಗಡೆ ಕೂಡಬೇಕು, ಬಾಯಿಗೆ ಎಲೆ ಹಾಕಿಕೊಳ್ಳಬೇಕು, ಲೋಡ್ ಇಳಿಯುವ ತನಕ ಗಾಡಿ ಹೊಡೆಯುವ ವಿಷಯದಲ್ಲಿ ಚಕಾರ ಎತ್ತಬಾರದು. ಹೊರಡುವಾಗ ಹೊಳೆಪ್ಪ ಎಲೆಗೆ ಸುಣ್ಣ ಸವರುತ್ತಿದ್ದುದನ್ನು ಕಂಡು ಜಾಕೀರನಿಗೆ ಎದೆಯುಬ್ಬಿತ್ತು. ಈಗ ಅದೇ ಎಲೆಯ ಮೇಲೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ, ಬೇಡವೆಂದರೂ, ಒಂದು ಕೆಟ್ಟ ವಿಚಾರ ಬಂತು: ನಾನು ಕೆಟ್ಟರೆ ಗಾಡಿ ಕಾಕಾನ ಕೈಗೆ ಹೋಗುತ್ತದೆ.

ವಿಚಾರ ಕೆಟ್ಟದ್ದಾದರೂ ಸುಳ್ಳಲ್ಲ. ಅಣ್ಣಿಗೇರಿಯ ಅರುಣಕ್ಕನ ಹತ್ತಿರ ಇದ್ದುದು ಇದೊಂದೇ ಲಾರಿ. ಅಪ್ಪ ತೀರಿಕೊಂಡ ಮೇಲೆ ಅವಳೇ ಅದನ್ನು ನಡೆಸುತ್ತಿದ್ದಳು. ಹೊಳೆಪ್ಪ ಡ್ರೈವರ್, ಜಾಕೀರ್ ಕ್ಲೀನರ್. ಹೋದ ಬೇಸಿಗೆಯಲ್ಲಿ ಹೊಳೆಪ್ಪನ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. ಬದಲಿಗೆ ಬಂದವರಲ್ಲಿ ಒಬ್ಬ ಬಂಪರ್ ಮುರಿದ, ಇನ್ನೊಬ್ಬ ಹೇಳದೆ ಕೇಳದೆ ಹೋದ. ಕಡೆಗೆ ಅರುಣಕ್ಕ ಜಾಕೀರನನ್ನು ಕರೆದು, "ಲೈಸನ್ಸ್ ಐತೆಲ್ಲ ನಿಂದು? ತಿರ್ಲಾಪುರದ ಹತ್ತಿ ಒಂದ್ ಖೇಪು ತಂದು ತೋರಿಸು. ಸುರಳೀತ ತಂದ್ರ ಗಾಡಿ ನಿಂದು," ಅಂದಳು. ಅಷ್ಟೊತ್ತಿಗೆ ಹೊಳೆಪ್ಪನ ಕಣ್ಣುಗಳು ಸ್ವಚ್ಛವಾಗಿದ್ದವು. ಗಾಡಿ ಹೊಡೆಯಲು ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವನು ಅರುಣಕ್ಕನಿಗೆ ತಿಳಿಸಿದ್ದ. ಅಷ್ಟೇ. ಗಾಡಿ ಬೇಕು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಬೆಳಗಾದರೆ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಗಾಲಿಗಳನ್ನು ಬಡಿದು ನೋಡಿ, ಚಹಾ ಕುಡಿದು ಹೋಗುತ್ತಿದ್ದ. ಹೀಗೆ ಬಂದು ಹೋಗುವ ಮನುಷ್ಯನ ಮನಸ್ಸಿನಲ್ಲಿ ಏನಿದೆ ಎಂದು ಹೇಳುವವರು ಯಾರು?

ಜಾಕೀರ್ ಇಳಿದ. ಚಪ್ಪಲಿ ಮಣ್ಣಿನಲ್ಲೇ ಉಳಿಯಿತು, ಕಾಲು ಮಾತ್ರ ಮೇಲೆ ಬಂತು. ಗಾಲಿ ಅರ್ಧಕ್ಕಿಂತ ಹೆಚ್ಚು ಹೂತಿತ್ತು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಇನ್ನೊಂದು ಮಳೆ ಬಿದ್ದರೆ ಲಾರಿ ಅಚ್ಚಿನವರೆಗೆ ಇಳಿಯುತ್ತದೆ, ವಾಲಿದ ಹತ್ತಿ ಮಣ್ಣಿಗೆ ಬೀಳುತ್ತದೆ. ಆಮೇಲೆ ಅವನಿಗೆ ಸ್ಟೇರಿಂಗ್ ಕೊಡುವ ಮಾಲಕರು ಯಾರು?

ಅಷ್ಟರಲ್ಲಿ ಹೊಳೆಪ್ಪನೂ ಇಳಿದು, ಧೋತರ ಮೇಲೆ ಕಟ್ಟಿ, ಜೋಡಿ ಗಾಲಿಗಳ ನಡುವೆ ಮೆತ್ತಿದ್ದ ಮಣ್ಣನ್ನು ಬೆರಳಿನಿಂದಲೇ ಕೀಳುತ್ತ ಕೂತಿದ್ದ. ರಿವಾಜಿನಲ್ಲಿ ಬಾಯಿಗೆ ತಡೆಯಿತ್ತು, ಕೈಗಿರಲಿಲ್ಲ. ಆ ಬಾಗಿದ ಬೆನ್ನನ್ನು ನೋಡಿ ಜಾಕೀರನಿಗೆ ತನ್ನ ವಿಚಾರದ ಬಗ್ಗೆ ನಾಚಿಕೆಯಾಯಿತು.

ಗೇರಿನ ಮೇಲೆ ಅಂಗೈ ಇಟ್ಟರೆ ಎಂಜಿನ್ನಿನ ದಮ್ಮು ತಿಳಿಯುತ್ತದೆ ಎಂದು ತೋರಿಸಿಕೊಟ್ಟವನು ಈ ಮನುಷ್ಯ. ಓಡುವ ಗಾಡಿಯಲ್ಲಿ ಗೇರಿನ ಮೇಲೆ ತನ್ನ ಕೈ, ಅದರ ಮೇಲೆ ಜಾಕೀರನ ಕೈ ಇರಿಸಿಕೊಂಡು, "ಕಣ್ಣ ಮುಚ್ಚು. ಈಗ ಗೇರ್ ಬದಲಿ ಕೇಳ್ತೈತಿ ನೋಡು. ಕೇಳ್ತೇನು?" ಎಂದು ಹುಬ್ಬಳ್ಳಿಯ ತನಕ ಕೇಳುತ್ತ ಹೋಗುತ್ತಿದ್ದ. ಬೇರೆ ಗಾಡಿಗಳ ಕ್ಲೀನರುಗಳು ನಟ್ಟು ಬಿಚ್ಚುವ ಪಾನಾದ ಪೆಟ್ಟು ತಿಂದು ಕೆಲಸ ಕಲಿತವರು. ಜಾಕೀರ್ ಬೈಗುಳ ಬೇಕಾದಷ್ಟು ತಿಂದಿದ್ದ, ಪೆಟ್ಟು ತಿಂದಿರಲಿಲ್ಲ. ರೋಜಾದ ದಿನಗಳಲ್ಲಿ ಹೊತ್ತು ಮುಳುಗುವ ಮೊದಲು ಗಾಡಿ ಎಲ್ಲೇ ಇರಲಿ, ಹೊಳೆಪ್ಪ ಬಾಜು ಹಾಕಿ ನಿಲ್ಲಿಸಿ, "ಕಾಲು ಜೋಮು ಹಿಡದಾವಲೇ ನಂಗ," ಎಂದು ಸುಳ್ಳು ಹೇಳಿ ಇಳಿದು ಅತ್ತ ಮುಖ ಮಾಡಿ ನಿಲ್ಲುತ್ತಿದ್ದ. ಜಾಕೀರ್ ಖರ್ಜೂರ ಬಾಯಿಗೆ ಹಾಕಿ, ನೀರು ಕುಡಿದು, ಮುಗಿಸಿ ಬರುವ ತನಕ ಅವನ ಕಾಲಿನ ಜೋಮು ಬಿಡುತ್ತಿರಲಿಲ್ಲ. ಮನೆಯಲ್ಲಿ ಇದನ್ನು ಹೇಳಿದಾಗ ತಾಯಿ ಜೈನಬಿ ಆ ಮನುಷ್ಯನ ಕಾಲಿಗೆ ಯಾವತ್ತೂ ನೋವು ಬರದಿರಲಿ ಎಂದು ದುವಾ ಮಾಡಿದ್ದಳು. ಕಣ್ಣಿನ ಆಪರೇಷನ್ ಆದಾಗ ಹನಿ ಹಾಕುವ ಕೆಲಸವನ್ನು ಜಾಕೀರ್ ತಾನೇ ಕೇಳಿ ತೆಗೆದುಕೊಂಡ. ಹನಿ ಬಿದ್ದಾಗೊಮ್ಮೆ ಹೊಳೆಪ್ಪ ಬೈಯುತ್ತಿದ್ದ, ಇವನು ನಗುತ್ತ ರೆಪ್ಪೆ ಅಗಲಿಸುತ್ತಿದ್ದ.

"ಏನ್ರೋ, ನನ್ನ ಹೊಲ ಹರಗಾಕ ಲಾರಿ ತಂದೀರೇನು?"

ಹತ್ತಿ ಬಿಡಿಸುತ್ತಿದ್ದ ಹೆಂಗಸೊಬ್ಬಳು ಉಡಿ ತುಂಬ ಹತ್ತಿ ಹೊತ್ತು ಬದುವಿನ ಮೇಲೆ ನಿಂತಿದ್ದಳು. ಹೆಸರು ಶಾರದವ್ವ, ಹೊಲ ಅವಳದೇ.

"ಸಲಿಕಿ ಇದ್ರ ಕೊಡ್ರಿ ಅವ್ವಾ," ಜಾಕೀರ್ ಅಂದ.

"ಸಲಿಕಿಗೂ ಇದು ಮೆತ್ತಿಕೊಂತೈತಿ. ಕುರುಪಿ ತರ್ತೇನಿ ತಡಿ." ಅವಳು ಉಡಿ ಬಿಚ್ಚಿ ಹತ್ತಿಯನ್ನು ಚೀಲದ ಮೇಲೆ ಸುರಿದಳು. "ಮತ್ತ ಗಾಲಿ ಬುಡಕ ಏನ್ ಹಾಕ್ತೀರಿ? ಬರೇ ಮಣ್ಣ ಕೆದರಿದ್ರ ಅದು ಮತ್ತ ಇಳೀತೈತಿ. ಹೋದ ವರ್ಷದ ಹತ್ತಿಕಟಿಗಿ ಐತಿ ನಂದು. ಬಾ, ಹೊರು."

ಗುಡಿಸಲ ಹಿಂದೆ ಹತ್ತಿಕಟ್ಟಿಗೆಯನ್ನು ಒಟ್ಟಿದ್ದರು. ಸ್ನಾನದ ನೀರು ಕಾಯಿಸಲು ಅವಳು ವರ್ಷವಿಡೀ ಜೋಪಾನ ಮಾಡಿದ್ದು. ಮಳೆಗೆ ತೊಯ್ದದ್ದನ್ನು ಬಿಟ್ಟು ಒಣಗಿದ್ದನ್ನೇ ಆರಿಸಿ ಜಾಕೀರನ ಹೆಗಲಿಗೆ ಏರಿಸಿದಳು. ಹೊಳೆಪ್ಪ ಕುರುಪಿಯಿಂದ ಗಾಲಿಯ ಮುಂದೆ ಇಳಿಜಾರಾಗಿ ಕೆತ್ತಿದ. ಕಟ್ಟಿಗೆ ಹಾಸಿದರು. ಜಾಕೀರ್ ಮೇಲೆ ಹತ್ತಿದ, ಸ್ಟಾರ್ಟ್ ಮಾಡಿದ, ಮೋಡ ನೋಡಿದ, ಮತ್ತು ಅವಸರಪಟ್ಟ. ಗಾಲಿ ಒಂದು ಸಲ ಕಟ್ಟಿಗೆಯನ್ನು ಕಚ್ಚಿತು. ಲಾರಿ ಮುಂದಕ್ಕೆ ತುಯ್ದಿತು. ರೇಸ್ ಹೆಚ್ಚಾಗಿ ಗಾಲಿ ಜಾರಿ, ಕಟ್ಟಿಗೆಯೆಲ್ಲ ಚೂರು ಚೂರಾಗಿ ಹಿಂದಕ್ಕೆ ಹಾರಿತು.

"ನನ್ನ ಒಲಿಯಾಗ ಉರಿಯೂದನ್ನ ಆಕಾಶಕ್ಕ ಹಾರಿಸಿಬಿಟ್ಟೆಲ್ಲೋ!" ಶಾರದವ್ವ ಕೂಗಿದಳು. ಕೂಗಿದವಳೇ ತಿರುಗಿ ಗುಡಿಸಲ ಕಡೆ ನಡೆದಳು.

ಜಾಕೀರ್ ಅವಳ ಹಿಂದೆ ಓಡಿದ. "ಬ್ಯಾಡ್ರಿ ಅವ್ವಾ. ಒಣಗಿದ್ದು ಇಷ್ಟ ಉಳದೈತಿ. ನೀವೇನ್ ಮಾಡ್ತೀರಿ?"

"ನಾಕ್ ದಿನ ತಣ್ಣೀರ್ ಜಳಕ ಮಾಡ್ತೇನಿ. ಸಾಯೂದಿಲ್ಲ."

"ಅಲ್ಲರಿ, ಗಾಡ್ಯಾಗ ನಿಮ್ಮ ಹತ್ತಿನೂ ಇಲ್ಲ..."

"ನಂದಿನ್ನೂ ಗಿಡದಾಗ ಐತಿ. ಅದನ್ನೂ ಯಾರೋ ನಡಾ ಬಗ್ಗಿಸಿ ಬಿಡಿಸ್ಯಾರಲ್ಲ? ಮಾತ್ ಸಾಕು. ಹಿಡಿ."

ಹೊರೆ ಹೊತ್ತು ಬರುವಾಗ ಜಾಕೀರನಿಗೆ ಅಳು ಬಂದಂತಾಗಿ, ಕಟ್ಟಿಗೆ ಮುಖಕ್ಕೆ ಚುಚ್ಚುವುದು ಒಳ್ಳೆಯದಾಯಿತು ಅನಿಸಿತು. ಬೆಳಗ್ಗೆ ಅವನು ಒಬ್ಬನೇ ಗಾಡಿ ಹೊಡೆಯುತ್ತಿದ್ದೇನೆ ಎಂದುಕೊಂಡಿದ್ದ. ಈಗ ನೋಡಿದರೆ ಎಷ್ಟು ಮಂದಿಯ ಕೈ ಈ ಗಾಲಿಗೆ ಬಿದ್ದಿದೆ! ಬೈದು ಹೋದ ಆ ಬಸ್ಸಿನವನೂ ಮೊದಲು ದಾರಿ ಕೊಟ್ಟು ನಿಂತಿದ್ದ ಅನ್ನುವುದೇನು ಸಣ್ಣ ಮಾತೇ?

ಎರಡನೆಯ ಸಲ ಕಟ್ಟಿಗೆ ಹಾಸುತ್ತಿರುವಾಗ ಕ್ಯಾಬಿನ್ನಿನಲ್ಲಿ ಫೋನು ರಿಂಗಾಯಿತು. ಇಬ್ಬರ ಕೈಯೂ ಮೊಣಕೈ ತನಕ ಕರಿ ಮಣ್ಣು. ಶಾರದವ್ವನೇ ಹತ್ತಿ ಫೋನು ತಂದು, ಜಾಕೀರ್ ತೋರಿಸಿದಲ್ಲಿ ಒತ್ತಿ, ಸ್ಪೀಕರ್ ಮಾಡಿ ಹಿಡಿದಳು.

"ಎಲ್ಲೈತಿ ಗಾಡಿ?" ಅರುಣಕ್ಕನ ದನಿ. "ಮಿಲ್ಲಿನವರು ಕೇಳಾಕತ್ತಾರ. ಇಲ್ಲೆ ಗುಡುಗು ಸುರು ಆಗೇತಿ."

"ಎರಿಗೆ ಇಳಿದೈತ್ರಿ ಅಕ್ಕಾ. ತಿರ್ಲಾಪುರ ದಾಟಿ."

"ಇಳಿದೈತೋ, ಇಳಿಸೀಯೋ?"

"ಇಳಿಸೇನ್ರಿ. ನಂದ ತಪ್ಪು. ಬಸ್ಸಿಗೆ ಸೈಡ್ ಕೊಟ್ನಿ."

ಪಡುವಣದಲ್ಲಿ ಮಿಂಚಿತು.

"ಹೊಳೆಪ್ಪಣ್ಣ ಅದಾರೇನು?"

"ಇಲ್ಲೇ ಅದಾರ ತಗೋ, ಮಾತಾಡವಾ," ಶಾರದವ್ವ ಫೋನನ್ನು ಹೊಳೆಪ್ಪನ ಕಡೆ ತಿರುಗಿಸಿದಳು.

"ಹೊಳೆಪ್ಪಣ್ಣ, ನಿಮ್ಮ ಕಣ್ಣು ಛಲೋ ಆಗ್ಯಾವು ಅಂದಿದ್ರಿ. ಹೌದಲ್ಲ?"

"ಹೌದ್ರಿ."

"ಹಂಗಾರ ನೀವು ಕೂಡ್ರಿ ಸ್ಟೇರಿಂಗಿಗೆ. ಹುಡುಗನ ಮ್ಯಾಲ ನನಗೇನೂ ಸಿಟ್ಟಿಲ್ಲ, ಆದ್ರ ಮಂದಿ ಹತ್ತಿ ಐತಿ ಗಾಡ್ಯಾಗ. ಎರ್‍ಯಾಗಿನ ಗಾಡಿ ಹೊರಗ ತಗ್ಯೂದು ನಿಮಗ ಎಡಗೈ ಕೆಲಸ. ತಂದು ಮಿಲ್ಲಿಗೆ ಹಚ್ಚಿರಿ. ನಾಳಿಂದ ಗಾಡಿ ಮತ್ತ ನಿಮ್ಮದು. ಜಾಕೀರ ಇನ್ನೊಂದು ವರ್ಷ ಬಾಜೂಕ ಕುಂತು ಕಲೀಲಿ."

ಅರುಣಕ್ಕ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಜಾಕೀರ್ ಹೊಳೆಪ್ಪನನ್ನು ನೋಡಿದ. ಬೆಳಗಿನಿಂದ ಏನೂ ತೋರದಿದ್ದ ಆ ಮುಖ ತೆರೆದುಕೊಂಡಿತ್ತು. ಹಸಿದವನ ಮುಂದೆ ಬಿಸಿ ರೊಟ್ಟಿ ಇಟ್ಟಾಗ ತೆರೆದುಕೊಳ್ಳುವ ಹಾಗೆ. ಮಣ್ಣಿನಲ್ಲಿ ಹೂತಿದ್ದ ಅವನ ಎಡಗಾಲು, ಅವನಿಗೇ ಗೊತ್ತಿಲ್ಲದೆ, ಕ್ಲಚ್ ಒತ್ತುವಂತೆ ಮೆಲ್ಲಗೆ ಕೆಳಕ್ಕೆ ಒತ್ತಿತು. ಬೆಳಗಾದರೆ ಬಂದು ಗಾಲಿ ಬಡಿದು ಹೋಗುತ್ತಿದ್ದ ಮನುಷ್ಯನ ಮನಸ್ಸಿನಲ್ಲಿ ಏನಿತ್ತು ಎಂಬುದು ಆಗ ಜಾಕೀರನಿಗೆ ತಿಳಿಯಿತು. ತಿಳಿದದ್ದೇ ತಡ, ಎದೆಯ ಮೇಲಿನ ಭಾರ ಇಳಿದಂತಾಯಿತು. ಪಡೆದದ್ದನ್ನು ತಿರುಗಿ ಕೊಡಲು ಇಷ್ಟು ಬೇಗ ಒಂದು ದಾರಿ ಸಿಕ್ಕೀತೆಂದು ಅವನು ಎಣಿಸಿರಲಿಲ್ಲ.

ಬಲಗಡೆಯ ಬಾಗಿಲು ತೆರೆದ. ಹೆಗಲ ಮೇಲಿನ ಟವಲಿನಿಂದ ಸೀಟು ಒರೆಸಿದ. ಒರೆಸುವಾಗ ಕೈ ಸ್ವಲ್ಪ ನಿಧಾನವಾಯಿತು. ಆದರೂ ಪೂರ್ತಿ ಒರೆಸಿ ಕೆಳಗಿಳಿದ.

"ಬರ್ರಿ ಕಾಕಾ. ಬಾಯಿಮಾತಿಗೆ ಹೇಳಾಕತ್ತಿಲ್ಲ ನಾ. ನನ್ನ ಕೈಯಾಗ ಏನ್ ಐತಿ ಅದೆಲ್ಲಾ ನೀವು ಹಾಕಿದ್ದು. ಇನ್ನೊಂದು ವರ್ಷ ಬಾಜೂಕ ಕುಂತ್ರ ನನಗೇನ್ ಕಡಿಮಿ ಆಗೂದಿಲ್ಲ. ಮಳಿ ಬರೂದ್ರಾಗ ಹೊರಗ ತಗೀರಿ."

"ಕೇಳಿತಲ್ಲ ಹೊಳೆಪ್ಪಣ್ಣ? ಹುಡುಗನೂ ಒಪ್ಪ್ಯಾನ," ಫೋನಿನಲ್ಲಿ ಅರುಣಕ್ಕ ಅಂದಳು. "ಹತ್ರಿ ಗಾಡಿ."

ಶಾರದವ್ವ ಫೋನನ್ನು ಹೊಳೆಪ್ಪನ ಬಾಯಿಯ ಹತ್ತಿರ ಹಿಡಿದಳು. ಅವನು ಬಗ್ಗಿ, ಗಾಲಿಯ ಕೆಳಗೆ ಅಡ್ಡಾದಿಡ್ಡಿ ಬಿದ್ದಿದ್ದ ಒಂದು ಕಟ್ಟಿಗೆಯನ್ನು ಎಳೆದು ಸರಿಯಾಗಿ ಇಟ್ಟ. ಗಾಲಿಯನ್ನು ಹಿಡಿದುಕೊಂಡೇ ಎದ್ದು ನಿಂತ.

"ಒಲ್ಲೆ. ಗಾಡಿ ಹುಡುಗಂದು, ಅವನ ಹೊರಗ ತಗೀತಾನ," ಅಂದ.