ಡೆಲ್ಮರನ ರೈಫಲ್ಲಿನ ಬೋಲ್ಟು

ನಮ್ಮೂರಿನ ಗಂಡಸರು ಬದುಕು ಸಾಕಾಗಿದೆ ಎಂದು ಬಾಯಿಬಿಟ್ಟು ಹೇಳುವವರಲ್ಲ. ಬಂದೂಕು ತಂದು ನನ್ನ ಕೌಂಟರಿನ ಮೇಲಿಟ್ಟು, "ಮೋನಾ, ಸ್ವಲ್ಪ ಕ್ಲೀನ್ ಮಾಡಿಡು" ಎನ್ನುತ್ತಾರೆ, ಅಷ್ಟೇ. ನಾನು ಯಾಕೆಂದು ಕೇಳುವುದಿಲ್ಲ. ಅಪ್ಪ ಈ ಬಂದೂಕಿನಂಗಡಿ ನಡೆಸುತ್ತಿದ್ದಾಗ ಅವನೂ ಕೇಳುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿಟ್ಟು ಬೀಗ ಹಾಕುತ್ತೇವೆ. ಚಳಿಗಾಲ ಕಳೆದು, ಸಾವೋ ಡೈವೋರ್ಸೋ ಮನಸ್ಸಿನಿಂದ ಒಂಚೂರು ಸರಿದ ಮೇಲೆ ಬಂದೂಕಿನವನೇ ಬಂದು "ಕ್ಲೀನ್ ಆಯ್ತಾ?" ಎಂದು ಕೇಳುತ್ತಾನೆ. ನಾನು ಅವನ ಮುಖ ನೋಡಿ ಆಯಿತು ಎನ್ನುತ್ತೇನೆ, ಇಲ್ಲವೇ ಇನ್ನೂ ಇಲ್ಲ ಎನ್ನುತ್ತೇನೆ. ಅದಕ್ಕೆ ಯಾರೂ ಜಗಳ ತೆಗೆದಿದ್ದಿಲ್ಲ.

ಇದಕ್ಕೂ ರಾಜಧಾನಿಯಲ್ಲಿ ಕೂತವರು ಕಲ್ಲು ಹಾಕಿದರು. ಹೊಸ ವರ್ಷಕ್ಕೆ ಹೊಸ ಕಾನೂನು. ಬೇರೆಯವರ ಬಂದೂಕು ನನ್ನಲ್ಲಿ ಒಂದು ರಾತ್ರಿ ಉಳಿದರೂ ಅದು ಕೈ ಬದಲಾದ ಹಾಗೆ. ಹಿಂದಕ್ಕೆ ಕೊಡಬೇಕಾದರೆ ಅವನ ಪೂರ್ವಾಪರವನ್ನೆಲ್ಲ ಪೊಲೀಸರು ಜಾಲಾಡಬೇಕು. ಯಾಕೆ ಬಿಟ್ಟುಹೋದ ಎಂಬುದನ್ನೂ ಬರೆದುಕೊಡಬೇಕು. ತಪ್ಪಿದರೆ ನನ್ನ ಲೈಸೆನ್ಸು ಹೋಗುತ್ತದೆ, ಜೈಲೂ ಆಗಬಹುದು. ಕಳ್ಳಕಾಕರ ಕೈಗೆ ಬಂದೂಕು ಸಿಗಬಾರದೆಂದು ಮಾಡಿದ್ದಂತೆ. ಸಿಗಬಾರದು, ನಾನೂ ಒಪ್ಪುತ್ತೇನೆ. ಆದರೆ ಬಂದೂಕನ್ನು ತನ್ನ ಕೈಗೇ ಸಿಗದ ಹಾಗೆ ಇಡಬೇಕೆಂದು ಬರುವವನೂ ಒಬ್ಬನಿರುತ್ತಾನೆಂದು ಅಷ್ಟು ದೊಡ್ಡ ಸಭೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ, ನೆನೆಸಿಕೊಂಡರೆ ಮೈ ಉರಿಯುತ್ತದೆ.

ಫೆಬ್ರವರಿಯಲ್ಲಿ ಡೆಲ್ಮರ್ ಬಂದ. ನನ್ನ ಜೊತೆ ಓದಿದವನು, ಸ್ಕೂಲ್ ಬಸ್ಸಿನ ಡ್ರೈವರು. ಹಿಂದಿನ ತಿಂಗಳು ಹೆಪ್ಪುಗಟ್ಟಿದ ಸೇತುವೆಯ ಮೇಲೆ ಅವನ ಬಸ್ಸು ಜಾರಿ ಮಗುಚಿಕೊಂಡು, ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ತೀರಿಕೊಂಡಿದ್ದಳು. ತಪ್ಪು ಅವನದಲ್ಲವೆಂದು ತನಿಖೆಯವರು ಹೇಳಿದರು, ಹುಡುಗಿಯ ತಾಯಿಯೂ ಹೇಳಿದಳು. ಅದು ಅವನ ಕಿವಿಗೇ ಬೀಳಲಿಲ್ಲ. ಜಿಂಕೆ ಬೇಟೆಯ ರೈಫಲ್ಲನ್ನು ತಂದು ಕೌಂಟರಿನ ಮೇಲಿಟ್ಟ. ಅವನ ಮನೆಯಲ್ಲಿದ್ದದ್ದು ಅದೊಂದೇ.

"ಕ್ಲೀನ್ ಮಾಡಿಡು ಮೋನಾ."

ಪ್ರತಿ ಭಾನುವಾರ ತಾನೇ ಎಣ್ಣೆ ಹಚ್ಚಿ ಒರೆಸುವವನು. ರೈಫಲ್ಲು ಫಳಫಳ ಹೊಳೆಯುತ್ತಿತ್ತು.

"ಕಾನೂನು ಬದಲಾಗಿದೆ ಕಣೋ. ಯಾಕೆ ಬಿಟ್ಟು ಹೋಗ್ತಿದೀಯ ಅಂತ ಬರೆದು ಸಹಿ ಹಾಕ್ಬೇಕು," ಎಂದೆ. ಹಾಳು ಬಾಯಿ ನನ್ನದು.

"ಯಾರು ಓದ್ತಾರೆ ಅದನ್ನ?"

"ಶೆರಿಫ್ ಆಫೀಸಿಗೆ ಹೋಗುತ್ತೆ, ಪೊಲೀಸರ ಕೈಗೆ."

ಅವನು ನಕ್ಕ. "ನನ್ನ ತಂಗಿ ಗಂಡ ಕೂತಿರೋದೇ ಅಲ್ಲಿ. ಆಮೇಲೆ ಯಾರಾದ್ರೂ ನನ್ನ ಕೈಗೆ ಬಸ್ಸಿನ ಕೀ ಕೊಡ್ತಾರಾ? ಬಿಡು, ಅಷ್ಟೇನೂ ಕೊಳೆ ಆಗಿಲ್ಲ."

ರೈಫಲ್ಲನ್ನು ಎತ್ತಿಕೊಂಡು ಹೊರಟೇಹೋದ. ಕೌಂಟರಿನ ಹಿಂದೆ ನಿಂತು ಮೊದಲು ಕಾನೂನು ಮಾಡಿದವರನ್ನು ಶಪಿಸಿದೆ, ಆಮೇಲೆ ಅವರಿಗೆ ಹೆದರಿದ ನನ್ನನ್ನೇ ಶಪಿಸಿಕೊಂಡೆ. ಅಂಗಡಿಗೆ ಬೀಗ ಜಡಿದು ಅವನ ಹಿಂದೆಯೇ ಗಾಡಿ ಓಡಿಸಿದೆ.

ಅವನ ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಕೋಟನ್ನೂ ಬಿಚ್ಚದೆ ಕೂತಿದ್ದ. ರೈಫಲ್ಲು ಮೇಜಿನ ಮೇಲಿತ್ತು.

"ಕೊಡು ಇಲ್ಲಿ," ಎಂದೆ.

"ನೀನೇ ಆಗಲ್ಲ ಅಂದ್ಯಲ್ಲ. ಜೈಲಿಗೆ ಹೋಗ್ತೀಯ ಮುದುಕಿ."

"ಮುದುಕಿ ನಿಮ್ಮಜ್ಜಿ. ಸುಮ್ನೆ ಕೂತ್ಕೋ."

ರೈಫಲ್ಲಿನ ಬೋಲ್ಟನ್ನು ಹಿಂದಕ್ಕೆಳೆದು ಹೊರತೆಗೆದೆ. ಗುಂಡನ್ನು ಒಳಗೆ ಕೂರಿಸಿ ಸಿಡಿಸುವ ಗೇಣುದ್ದದ ಕಬ್ಬಿಣ. ಅದಿಲ್ಲದಿದ್ದರೆ ರೈಫಲ್ಲು ಬರೀ ದೊಣ್ಣೆ.

"ಕಾನೂನು ಹೇಳೋದು ಬಂದೂಕಿನ ವಿಷಯ. ಇದು ಬಂದೂಕಲ್ಲ. ಇದನ್ನ ಕ್ಲೀನ್ ಮಾಡಿಡ್ತೀನಿ," ಎಂದು ಕೋಟಿನ ಜೇಬಿಗೆ ಹಾಕಿಕೊಂಡೆ.

ಡೆಲ್ಮರ್ ಮೇಜಿಗೆ ತಲೆಯಿಟ್ಟು ಅಳತೊಡಗಿದ. ನಾನು ಅವನನ್ನು ಬೈಯುತ್ತಲೇ ಕಾಫಿ ಮಾಡಿದೆ.

ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಹಳೇ ಕಾಲುಚೀಲದಲ್ಲಿ ಸುತ್ತಿದ ಬೋಲ್ಟುಗಳು ನನ್ನ ಕೌಂಟರಿಗೆ ಬಂದವು. ಒಂದು ಡ್ರಾಯರೇ ತುಂಬಿತು. ಅಷ್ಟರಲ್ಲಿ ರಾಜಧಾನಿಯವರಿಗೆ ಮತ್ತೆ ನಿದ್ದೆಗೆಟ್ಟಿತು. ಯಾರೋ ಬಿಡಿಭಾಗ ತರಿಸಿ ಮನೆಯಲ್ಲೇ ಬಂದೂಕು ಜೋಡಿಸುತ್ತಿದ್ದಾರಂತೆ, ಹಾಗಾಗಿ ಜುಲೈಯಿಂದ ಬಿಡಿಭಾಗಗಳಿಗೂ ಅದೇ ಕಾನೂನು. ರೇಡಿಯೋದಲ್ಲಿ ಕೇಳಿ ಕೈಯಲ್ಲಿದ್ದ ಸ್ಪ್ಯಾನರನ್ನು ಗೋಡೆಗೆ ಬೀಸಿ ಒಗೆದೆ.

ಜೂನ್ ಕೊನೆಯ ದಿನ ಡೆಲ್ಮರ್ ಬಂದ.

"ನನ್ನದು ಕೊಟ್ಬಿಡು. ನಾಳೆಯಿಂದ ಅದಕ್ಕೂ ಜೈಲಂತೆ. ನನ್ನ ದೆಸೆಯಿಂದ ನಿಮ್ಮಪ್ಪನ ಅಂಗಡಿ ಮುಚ್ಚೋದು ಬೇಡ."

ಡ್ರಾಯರ್ ಎಳೆದು ಅವನ ಬೋಲ್ಟನ್ನು ತೆಗೆದು ಕೌಂಟರಿನ ಮೇಲಿಟ್ಟೆ. ಅವನು ಕೈ ಚಾಚಿದ. ನಾನು ಅವನ ಮುಖ ನೋಡಿದೆ.

"ಕ್ಲೀನ್ ಆಯ್ತಾ?" ಎಂದೆ.

ಆ ಪ್ರಶ್ನೆಯನ್ನು ಕೌಂಟರಿನ ಈಚೆ ಬದಿಯಿಂದ ಯಾರೂ ಕೇಳಿದ್ದಿಲ್ಲ, ಅಪ್ಪನೂ ಕೇಳಿದ್ದಿಲ್ಲ. ಡೆಲ್ಮರ್ ಬೋಲ್ಟನ್ನು ನೋಡಿದ. ಕೈ ಹಿಂದಕ್ಕೆಳೆದುಕೊಂಡ.

"ಇಲ್ಲ ಮೋನಾ. ಇನ್ನೂ ಇಲ್ಲ."

ಬೋಲ್ಟನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದೆ.

"ಹಾಗಾದ್ರೆ ಮನೆಗೆ ನಡಿ," ಎಂದೆ. "ನಾಳೆ ಯಾರು ಬರ್ತಾರೋ ಬರ್ಲಿ."