ಇಬ್ಬರ ಗೋಡೆ

ನಮ್ಮ ಅಲ್ಜೀರ್ಸ್ ನಗರದ ಹಳೇ ಪೇಟೆ ಕಸ್ಬಾದಲ್ಲಿ ಯಾವ ಮನೆಯೂ ತನ್ನ ಕಾಲ ಮೇಲೆ ತಾನು ನಿಂತಿಲ್ಲ. ಮೇಲಿನದು ಕೆಳಗಿನದಕ್ಕೆ ಒರಗಿದೆ, ಎಡಗಡೆಯದು ಬಲಗಡೆಯದಕ್ಕೆ. ಹೀಗೆ ಒಂದಕ್ಕೊಂದು ಭುಜ ಕೊಟ್ಟುಕೊಂಡು ಸಮುದ್ರದವರೆಗೆ ಇಳಿದಿವೆ. ನನ್ನ ಮನೆಯ ಬಲಗೋಡೆಯೇ ಯಮೀನಾಳ ಮನೆಯ ಎಡಗೋಡೆ. ಚಿಕ್ಕವರಿದ್ದಾಗ ನಾವಿಬ್ಬರೂ ಅದಕ್ಕೆ ಆ ಕಡೆಯಿಂದ ಈ ಕಡೆಯಿಂದ ಕಿವಿ ಹಚ್ಚಿ, ಯಾರ ಮನೆಯಲ್ಲಿ ಯಾರಿಗೆ ಬೈಗುಳ ಬೀಳುತ್ತಿದೆ ಎಂದು ಕೇಳಿಸಿಕೊಳ್ಳುತ್ತಿದ್ದೆವು. ಆಮೇಲೆ ಅವಳಿಗೆ ಮದುವೆಯಾಯಿತು. ಗಂಡ ಅವಳ ಮನೆಗೇ ಬಂದ, ಮಗ ರಾಬಹ ಹುಟ್ಟಿದ, ಗಂಡ ತೀರಿಕೊಂಡ. ನನಗೆ ಮದುವೆಯಾಗಲಿಲ್ಲ. ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಂಡು, ಊರವರ ಬಟ್ಟೆ ಹೊಲಿದುಕೊಂಡು ಇದ್ದೆ. ಅಪ್ಪ ಹೋದ ಮೇಲೆ ಮನೆ ನನಗೆ ಬಂತು. ನನ್ನದು ಎಂದು ಹೇಳಿಕೊಳ್ಳಲು ಈ ಲೋಕದಲ್ಲಿ ಇದ್ದದ್ದು ಅದೊಂದೇ.

ನನ್ನದು ಅಂತ ಬಾಯಲ್ಲಿ ಹೇಳಬೇಕು ಅಷ್ಟೇ. ಒಂದು ಮೊಳೆ ಹೊಡೆಯಬೇಕಾದರೂ ಹಳೇ ಕಟ್ಟಡಗಳ ಕಚೇರಿಯ ಅಪ್ಪಣೆ ಬೇಕು. ನನ್ನ ಮಲಗುವ ಕೋಣೆಯ ಚಾವಣಿಯಲ್ಲಿ ಮೂರು ತೊಲೆಗಳ ತುದಿ ಗೆದ್ದಲು ಹಿಡಿದು ಹಿಟ್ಟಾಗಿತ್ತು. ತೊಲೆಯ ತುದಿ ಕೂತಿದ್ದುದು ಆ ಇಬ್ಬರ ಗೋಡೆಯ ಮೇಲೆಯೇ. ಸಿಮೆಂಟು ಹಾಕುವಂತಿಲ್ಲ, ಕಬ್ಬಿಣ ತೂರಿಸುವಂತಿಲ್ಲ, ಹಳೆಯದು ಯಾವ ಮರವೋ ಹೊಸದೂ ಅದೇ ಮರವಾಗಬೇಕು, ಗಾರೆ ಸುಣ್ಣದ್ದೇ ಆಗಬೇಕು. ಇದಕ್ಕೆಲ್ಲ ನನ್ನ ತಕರಾರಿಲ್ಲ. ಸಿಮೆಂಟು ಬಳಿದರೆ ಗೋಡೆಗೆ ಉಸಿರು ಕಟ್ಟುತ್ತದೆ ಎಂದು ಅಪ್ಪನೂ ಹೇಳುತ್ತಿದ್ದ. ನನ್ನ ಮೈ ಉರಿಯುತ್ತಿದ್ದದ್ದು ಕಚೇರಿಯ ಆಮೆನಡಿಗೆಗೆ.

"ಲಲ್ಲಾ ಝುಲೀಖಾ, ನಿಮ್ಮ ಕಡತ ಸಮಿತಿ ಮುಂದಿದೆ," ಎನ್ನುತ್ತಿದ್ದ ಅಲ್ಲಿಯ ಗುಮಾಸ್ತ ಸೀದಿ ಮೊಕ್ರಾನ್.

"ಸಮಿತಿ ಎಲ್ಲಿದೆ?"

"ಸಮಿತಿ ಇನ್ನೂ ಸೇರಬೇಕು."

"ಅದು ಸೇರೋ ಹೊತ್ತಿಗೆ ನಾನು ನಮ್ಮಪ್ಪನ ಪಕ್ಕ ಸೇರಿರ್ತೀನಿ."

ಪಾಪ, ಆತ ಕೆಟ್ಟವನಲ್ಲ. ನನಗಾಗಿ ಕುರ್ಚಿ ಎಳೆದು ಹಾಕುತ್ತಿದ್ದ. "ಹಂಗನ್ಬೇಡಿ. ಈ ಕಚೇರಿಗೆ ಮನೆ ಉಳಿಸಿ ಅಂತ ಬರೋರು ನೀವೊಬ್ರೇ. ಮಿಕ್ಕೋರೆಲ್ಲ ಕೆಂಪು ಬಳೀರಿ ಅಂತ ಬರ್ತಾರೆ," ಎಂದ ಒಂದು ಸಲ.

ಆ ಮಾತು ಸುಳ್ಳಲ್ಲ. ಭಾರಿ ಮಳೆ ಬಂದು ಹೋದ ಮೇಲೆ ಎಂಜಿನಿಯರುಗಳು ಬರುತ್ತಾರೆ, ಗೋಡೆ ತಟ್ಟಿ ನೋಡಿ ಬಾಗಿಲ ಪಕ್ಕ ಬಣ್ಣದ ಗುರುತು ಹಾಕುತ್ತಾರೆ. ಹಸಿರಾದರೆ ಇರಬಹುದು, ಕಿತ್ತಳೆಯಾದರೆ ದುರಸ್ತಿ ಮಾಡಿಸಬೇಕು, ಕೆಂಪಾದರೆ ಖಾಲಿ ಮಾಡಬೇಕು. ಖಾಲಿ ಮಾಡಿದವರಿಗೆ ಸರ್ಕಾರ ಊರಾಚೆ ಹೊಸ ಫ್ಲ್ಯಾಟು ಕೊಡುತ್ತದೆ. ಲಿಫ್ಟು, ನಲ್ಲಿ ನೀರು, ಮಗ ಸೊಸೆಗೆ ಬೇರೆ ಕೋಣೆ. ಅಪ್ಪ ಅಮ್ಮ ಅಜ್ಜಿ ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿ ಬೇಸತ್ತವರು ಕೆಂಪು ಬೀಳಲಿ ಎಂದು ಹರಕೆ ಹೊರುತ್ತಾರೆ. ಹರಕೆಗೆ ಫಲ ಸಿಗದಿದ್ದರೆ ತಾವೇ ಒಂದು ಕೈ ನೋಡುತ್ತಾರೆ. ಅದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ನನ್ನ ಕೋಣೆಯ ಬಲಗೋಡೆಯಲ್ಲಿ ತೇವ ಕಾಣಿಸಿತು. ಮಳೆ ಇನ್ನೂ ಶುರುವಾಗಿರಲಿಲ್ಲ. ಮೊದಲು ಒಂದು ಅಂಗೈಯಷ್ಟಗಲ. ಆಮೇಲೆ ಸುಣ್ಣ ಗುಳ್ಳೆ ಎದ್ದಿತು, ಉದುರಿತು, ಒಳಗಿನ ಮಣ್ಣು ಬೆರಳಿಟ್ಟರೆ ಅಂಟುವಷ್ಟು ನೆನೆದಿತ್ತು. ನನ್ನ ನಲ್ಲಿ ಆ ಕಡೆ ಇಲ್ಲ, ನೀರಿನ ತೊಟ್ಟಿಯೂ ಆ ಕಡೆ ಇಲ್ಲ. ತಾರಸಿಗೆ ಹತ್ತಿ ಯಮೀನಾಳನ್ನು ಕೂಗಿದೆ. ನಮ್ಮ ತಾರಸಿಗಳ ನಡುವೆ ಮೊಣಕಾಲೆತ್ತರದ ಗೋಡೆ ಮಾತ್ರ. ಅವಳು ರವೆಯನ್ನು ತಟ್ಟೆಯಲ್ಲಿ ಹರಡಿಕೊಂಡು ಕೂಸ್‌ಕೂಸ್ ಉಜ್ಜುತ್ತಿದ್ದಳು.

"ನಿಮ್ಮ ಕಡೆ ಪೈಪ್ ಏನಾದ್ರೂ ಒಡೆದಿದೆಯೇನೇ? ನನ್ನ ಗೋಡೆ ನೆಂದು ಮುದ್ದೆಯಾಗಿದೆ."

"ನಿನ್ನ ಗೋಡೆಗೂ ನಿನ್ನ ಹಾಗೇ ವಯಸ್ಸಾಯ್ತು ಕಣೇ. ಬೆವರುತ್ತೆ," ಎಂದಳು, ತಲೆ ಎತ್ತದೆ.

"ತಮಾಷೆ ಸಾಕು. ತೊಲೆ ಕೂತಿರೋದು ಅದರ ಮೇಲೆ."

"ಬಿದ್ದರೆ ಬೀಳಲಿ ಬಿಡು. ಏನು ಸುಖ ಇದೆ ಇದರಲ್ಲಿ? ಮೆಟ್ಟಿಲು ಹತ್ತಿ ಹತ್ತಿ ಮಂಡಿ ಚಿಪ್ಪು ಸವೀತು. ನೀನಂತೂ ಆ ಮೊಕ್ರಾನ್ ಬಾಗಿಲು ಸವೆಸಿದ್ದೀಯ."

ನಕ್ಕೆವು. ಅವಳ ಬಾಯಿ ಯಾವತ್ತೂ ಹಾಗೆಯೇ.

ಆಮೇಲೆ ಒಂದು ಮಧ್ಯಾಹ್ನ, ಒಣಹಾಕಿದ ಬಟ್ಟೆ ತರಲು ಹೋದವಳು ಕಣ್ಣಾರೆ ಕಂಡೆ. ಯಮೀನಾ ತಾರಸಿ ತೊಳೆಯುತ್ತಿದ್ದಳು. ತಾರಸಿ ತೊಳೆಯುವುದು ಹೊಸತಲ್ಲ, ಇಲ್ಲಿ ಎಲ್ಲ ಹೆಂಗಸರೂ ತೊಳೆಯುತ್ತಾರೆ. ಆದರೆ ನೀರು ಹರಿದುಹೋಗುವ ತೂತಿಗೆ ಅವಳು ಚಿಂದಿ ತುರುಕಿದ್ದಳು. ಮೊಣಕಾಲೆತ್ತರದ ಗೋಡೆಯ ಬುಡದಲ್ಲಿ ಸುಣ್ಣದ ಗಾರೆಯನ್ನೆಲ್ಲ ಕೆರೆದು ಹಾಕಿ ಇಟ್ಟಿಗೆ ಬರಿಮೈ ಮಾಡಿದ್ದಳು. ಬಕೆಟ್ಟಿನ ಮೇಲೆ ಬಕೆಟ್ಟು ಅಲ್ಲಿಗೇ ಸುರಿಯುತ್ತಿದ್ದಳು, ನೀರು ಗುಟುಗುಟು ಎಂದು ಗೋಡೆಯೊಳಗೆ ಇಳಿಯುತ್ತಿತ್ತು.

"ಯಮೀನಾ, ಏನೇ ಮಾಡ್ತಿದ್ದೀಯ?"

ಅವಳು ಬಕೆಟ್ಟು ಕೆಳಗಿಟ್ಟಳು. ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ.

"ರಾಬಹಂಗೆ ತಲೆ ನೆರೀತು ಝುಲೀಖಾ. ಅವನಿಗೆ ಗೊತ್ತುಮಾಡಿದ ಹುಡುಗಿ ಇನ್ನೆಷ್ಟು ಕಾಯ್ತಾಳೆ? ಅವಳಮ್ಮ ಹೇಳಿಬಿಟ್ಟಳು, ಬೇರೆ ಕೋಣೆ ತೋರಿಸು, ಮದುವೆ ಮಾಡ್ತೀನಿ ಅಂತ. ಮನೆ ಬೇಕಂದ್ರೆ ಮದುವೆಯಾಗಿರಬೇಕಂತೆ, ಮದುವೆಗೆ ಮನೆ ಇರಬೇಕಂತೆ. ಹುಚ್ಚು ಬಿಡೋವರೆಗೆ ಮದುವೆಯಾಗಲ್ಲ, ಮದುವೆಯಾಗೋವರೆಗೆ ಹುಚ್ಚು ಬಿಡಲ್ಲ. ನಾನೇನು ಮಾಡ್ಲಿ?"

"ಅದಕ್ಕೆ ನನ್ನ ಗೋಡೆ ಕೊಲ್ತೀಯ?"

"ನನ್ನ ಗೋಡೇನೂ ಹೌದು ಅದು."

ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ನಾನು ಬಾಯಿಗೆ ಬಂದಂತೆ ಬೈದೆ. ಕಚೇರಿಗೆ ಹೋಗಿ ಹೇಳುತ್ತೇನೆ, ಬೇಕೆಂದೇ ಕೆಡವಿದವರಿಗೆ ಫ್ಲ್ಯಾಟೂ ಇಲ್ಲ ಗಿಲ್ಯಾಟೂ ಇಲ್ಲ ಎಂದೆ. ಅವಳು ಕೂಗಾಡಲಿಲ್ಲ. ಚಿಂದಿ ಕಿತ್ತು ತೂತು ಬಿಡಿಸಿ, "ನನ್ನ ಗಂಡನ ಗೋರಿಯಾಣೆ, ಇನ್ನು ಒಂದು ಚೊಂಬು ನೀರೂ ಸುರಿಯಲ್ಲ," ಎಂದಳು. ಕಣ್ಣಲ್ಲಿ ನೀರಿತ್ತು. ಅಪ್ಪನ ಕೊನೆಗಾಲದಲ್ಲಿ ಅವನನ್ನು ಮಗ್ಗುಲು ಹೊರಳಿಸಲು ದಿನಾ ಬಂದು ಕೈಕೊಟ್ಟವಳು ಅವಳು. ನಾನು ಕಚೇರಿಗೆ ಹೋಗಲಿಲ್ಲ.

ಅಪ್ಪಣೆ ಬಂದದ್ದು ಶರತ್ಕಾಲದಲ್ಲಿ. ಸೀದಿ ಮೊಕ್ರಾನ್ ತಾನೇ ಮೆಟ್ಟಿಲು ಹತ್ತಿಕೊಂಡು ಬಂದು ಕಾಗದ ಕೈಗಿಟ್ಟ. ಮೂರು ತೊಲೆ ಬದಲಿಸಬಹುದು, ಗೋಡೆಗೆ ಹೊಸ ಗಾರೆ ಬಳಿಯಬಹುದು, ಕಚೇರಿ ಒಪ್ಪಿದ ಮೇಸ್ತ್ರಿಯಿಂದಲೇ ಮಾಡಿಸಬೇಕು. ನನಗೆ ಕುಣಿಯುವಷ್ಟು ಖುಷಿಯಾಯಿತು. ಅಂಗಳದಲ್ಲಿ ಸುಣ್ಣ ನೆನೆಹಾಕಿಸಿದೆ. ತೊಲೆಗಳು ಕತ್ತೆಯ ಬೆನ್ನೇರಿ ಬಂದವು. ಯಮೀನಾ ಒಂದು ತಟ್ಟೆ ಮಕ್ರೂದ್ ಸಿಹಿ ಕಳಿಸಿದಳು, ಖರ್ಜೂರ ಜಾಸ್ತಿ ಹಾಕಿ, ನನಗೆ ಇಷ್ಟವಾಗುವ ಹಾಗೆ. ಮೇಸ್ತ್ರಿ ಕೈಯಲ್ಲಿದ್ದ ಕೆಲಸ ಮುಗಿಸಿ ಮುಂದಿನ ವಾರ ಬರುವುದಾಗಿ ಹೇಳಿದ.

ಅಷ್ಟರಲ್ಲಿ ಮಳೆ ಹಿಡಿಯಿತು. ಬಿಡದೆ ಸುರಿಯಿತು. ನಾನು ಕೋಣೆಯಲ್ಲಿ ಅಂಗಿಯೊಂದಕ್ಕೆ ಗುಂಡಿ ಹೊಲಿಯುತ್ತಿದ್ದೆ, ಗೋಡೆಯೊಳಗಿಂದ ಯಾರೋ ಕೀಲು ಮುರಿದಂಥ ಸದ್ದು ಬಂತು. ನೋಡುತ್ತೇನೆ, ಗೋಡೆ ಹೊಟ್ಟೆ ಬಿಟ್ಟಿದೆ. ನಡುಭಾಗ ಉಬ್ಬಿ ನನ್ನ ಕಡೆಗೆ ಬಾಗಿದೆ, ಮೇಲೆ ತೊಲೆಯೊಂದು ಕೂತ ಜಾಗ ಬಿಟ್ಟು ಜಾರಿದೆ. ಕಿತ್ತು ಹೋದ ಗಾರೆಯ ಒಳಗೆ ಮಣ್ಣು ಗಂಜಿಯಂತಾಗಿತ್ತು. ನಿನ್ನೆ ಮೊನ್ನೆಯ ಮಳೆಗೆ ಅಷ್ಟೊಂದು ನೆನೆಯುವುದಿಲ್ಲ ಎಂದು ನನ್ನಂಥ ಹೊಲಿಗೆಯವಳಿಗೂ ಗೊತ್ತಾಗುತ್ತದೆ.

ಎಂಜಿನಿಯರು ಬಂದ. ಅವಳ ಕಡೆಯಿಂದ ನೋಡಿದ, ನನ್ನ ಕಡೆಯಿಂದ ನೋಡಿದ. ನಾನು ಅಪ್ಪಣೆ ಕಾಗದ ಹಿಡಿದು ಅವನ ಹಿಂದೆ ಹಿಂದೆಯೇ ತಿರುಗಿದೆ.

"ಇಲ್ಲಿ ನೋಡಪ್ಪ, ತೊಲೆ ಬಂದಿದೆ, ಸುಣ್ಣ ನೆಂದಿದೆ, ಮೇಸ್ತ್ರಿ ಸೋಮವಾರ ಬರ್ತಾನೆ. ಆಸರೆ ಮರ ಕೊಟ್ಟು ನಿಲ್ಲಿಸು."

"ಅಮ್ಮಾ, ಈ ಕಾಗದ ನಿಂತಿರೋ ಗೋಡೆಗೆ ಕೊಟ್ಟಿದ್ದು. ಇದು ನಿಂತಿಲ್ಲ, ಎರಡು ಮನೆ ನಡುವೆ ಸಿಕ್ಕಿಹಾಕ್ಕೊಂಡಿದೆ ಅಷ್ಟೇ. ಒಂದಕ್ಕೆ ಕೆಂಪು ಹಾಕಿ ಇನ್ನೊಂದನ್ನ ಬಿಡೋಕಾಗಲ್ಲ."

ಎರಡು ಬಾಗಿಲಿಗೂ ಕೆಂಪು ಬಿತ್ತು. ಅಂಗಳದ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಯಮೀನಾ ಬಂದು ಪಕ್ಕ ಕೂತಳು.

"ಆಣೆ ಇಟ್ಟಿದ್ದೆಯಲ್ಲೇ," ಎಂದೆ.

"ಇಟ್ಟಿದ್ದೆ. ನನ್ನ ಕಡೆ ಕೋಣೇಲಿ ಆಗಲೇ ಸೀಳು ಬಿಟ್ಟಿತ್ತು ಝುಲೀಖಾ. ಕೆಂಪು ಹೇಗೂ ಬೀಳ್ತಿತ್ತು. ಆದ್ರೆ ನಿನ್ನ ಕಡೆ ನೆಂದಿದ್ರೂ ದುರಸ್ತಿಯಾಗೋ ಹಾಗಿತ್ತು."

"ಮತ್ತೆ?"

"ನಿನ್ನ ಕಾಗದ ಬಂತು. ನೀನು ಇಲ್ಲೇ ಉಳೀತೀಯ ಅಂತ ಆಯ್ತು. ನಾವು ಹೋದ ಮೇಲೆ ನಮ್ಮ ಮೆಟ್ಟಿಲು ಒಡೆದು ಬಾಗಿಲಿಗೆ ಇಟ್ಟಿಗೆ ಕಟ್ಟಿ ಹೋಗ್ತಾರೆ. ಆ ಪಾಳು ಗೋಡೆ ಪಕ್ಕ ನೀನೊಬ್ಬಳೇ. ಜ್ವರ ಬಂದ್ರೆ ಒಂದು ಲೋಟ ಬಿಸಿನೀರು ಕೊಡೋರಿಲ್ಲ." ಅವಳು ನನ್ನ ಕೈ ಹಿಡಿದುಕೊಂಡಳು. "ಅದಕ್ಕೇ ನಿನ್ನ ಕಡೆಗೂ ಸುರಿದೆ. ಇಬ್ಬರಿಗೂ ಕೆಂಪು ಬಿದ್ರೆ ಇಬ್ಬರಿಗೂ ಒಂದೇ ಕಟ್ಟಡದಲ್ಲಿ ಮನೆ ಕೊಡ್ತಾರೆ, ಅಕ್ಕಪಕ್ಕ. ನಿನ್ನ ಬಿಟ್ಟು ಹೋಗೋ ಮನಸ್ಸು ಬರಲಿಲ್ಲ ಕಣೇ."

ಕೈ ಕಿತ್ತುಕೊಂಡೆ. ಮಕ್ರೂದ್ ಕಳಿಸಿದ ಕೈಯೇ ಅದು. ಶತ್ರು ಮಾಡಿದ್ದರೆ ಶಾಪ ಹಾಕಬಹುದಿತ್ತು. ಇವಳಿಗೆ ಹಾಕಲು ಶಾಪವೂ ಬಾಯಿಗೆ ಬರಲಿಲ್ಲ, ಕ್ಷಮಿಸಲು ಮನಸ್ಸೂ ಬರಲಿಲ್ಲ.

ಖಾಲಿ ಮಾಡಿಸುವ ದಿನ ಬಸ್ಸುಗಳೂ ಲಾರಿಗಳೂ ಕೆಳಗಿನ ರಸ್ತೆಯಲ್ಲಿ ನಿಂತವು. ಹೆಂಗಸರು ಮದುವೆಮನೆಯಂತೆ ಖುಷಿಗೆ ನಾಲಿಗೆ ಹೊರಳಿಸಿ ಯೂಯೂ ಎಂದು ಕೂಗಿದರು. ಯಮೀನಾ ಕೂಗಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಮೇಜು ಹಾಕಿಕೊಂಡು ಕೂತಿದ್ದ ನೌಕರ ಒಬ್ಬೊಬ್ಬರ ಹೆಸರು ಕೂಗಿ ಬೀಗದ ಕೈ ಕೊಡುತ್ತಿದ್ದ. ಯಮೀನಾಳಿಗೆ ಸಿಕ್ಕಿತು. ನನ್ನ ಸರದಿ ಬಂದಾಗ ಕುಟುಂಬ ಪುಸ್ತಕ ಕೇಳಿದ. ನಮ್ಮಲ್ಲಿ ಮದುವೆಯ ದಿನ ಸರ್ಕಾರ ಗಂಡಹೆಂಡಿರಿಗೆ ಕೊಡುವ ಪುಸ್ತಕ ಅದು. ನಾನು ಅಪ್ಪನ ಪುಸ್ತಕ ಕೊಟ್ಟೆ.

"ಇದರಲ್ಲಿರೋ ಇಬ್ಬರೂ ತೀರಿಕೊಂಡಿದ್ದಾರಲ್ಲಮ್ಮ. ನಿಮ್ಮದು ಎಲ್ಲಿ?"

"ನನಗೆ ಮದುವೆಯಾಗಿಲ್ಲ."

"ಹಾಗಾದ್ರೆ ಒಂಟಿಯವರ ಪಟ್ಟಿ. ಅದು ಬೇರೆ. ಆಮೇಲೆ ಕರೀತೀವಿ."

"ಯಾವಾಗ?"

ಅವನು ನನ್ನ ಹಿಂದಿನವರ ಹೆಸರು ಕೂಗಿದ.

ಯಮೀನಾಳ ಮುಖ ಸುಣ್ಣದಂತಾಯಿತು. ಮೇಜು ಹಿಡಿದುಕೊಂಡು ಅವನ ಹತ್ತಿರ ಜಗಳಕ್ಕೇ ನಿಂತಳು. ಇವಳೂ ನಾನೂ ಒಂದೇ, ಒಂದೇ ಗೋಡೆ, ಒಂದೇ ಕೆಂಪು, ನನಗೆ ಕೊಟ್ಟಿದ್ದನ್ನ ಇವಳಿಗೂ ಕೊಡು ಎಂದಳು. ರಾಬಹ ಅವಳನ್ನು ಎಳೆದುಕೊಂಡು ಬಂದ. "ನಿನಗೆ ಪುಸ್ತಕ ಇಲ್ಲ ಅನ್ನೋದು ನನಗೆ ಹೊಳೀಲೇ ಇಲ್ಲ," ಎಂದು ಅವಳು ಹಣೆ ಚಚ್ಚಿಕೊಂಡಳು. "ಇಷ್ಟು ವರ್ಷ ಪಕ್ಕದಲ್ಲಿದ್ದೂ ಹೊಳೀಲಿಲ್ಲ."

"ಚಿಕ್ಕಮ್ಮಾ, ನಮ್ಮ ಬಸ್ಸು ಹತ್ತಿ," ಎಂದ ರಾಬಹ, ನನ್ನ ಹೊಲಿಗೆ ಯಂತ್ರವನ್ನು ಹೆಗಲಿಗೇರಿಸಿಕೊಂಡು. ಹತ್ತದೆ ಇನ್ನೆಲ್ಲಿಗೆ ಹೋಗಲಿ? ನಮ್ಮ ಬೀದಿಯ ಮೇಲುಗಡೆಯಿಂದ ಕಲ್ಲು ಒಡೆಯುವ ಸದ್ದು ಬರುತ್ತಿತ್ತು. ಯಾರೂ ತಿರುಗಿ ಬಂದು ಸೇರಿಕೊಳ್ಳಬಾರದು ಎಂದು ಆಗಲೇ ಮೆಟ್ಟಿಲು ಕೆಡವಲು ಶುರುಮಾಡಿದ್ದರು.

ಈಗ ನಾನಿರುವುದು ಯಮೀನಾಳ ಫ್ಲ್ಯಾಟಿನ ಮೂರನೇ ಕೋಣೆಯಲ್ಲಿ. ರಾಬಹನ ಮದುವೆಯಾಯಿತು, ಮದುವಣಗಿತ್ತಿಯ ಬಟ್ಟೆ ನಾನೇ ಹೊಲಿದೆ. ಒಂಟಿಯವರ ಪಟ್ಟಿ ಇನ್ನೂ ಹೊರಬಿದ್ದಿಲ್ಲ. ಸೀದಿ ಮೊಕ್ರಾನ್ ಒಂದು ಸಲ ಫೋನು ಮಾಡಿ, ನನ್ನ ತೊಲೆಗಳನ್ನು ಯಾರೋ ಸೌದೆಗೆ ಒಯ್ದರು ಎಂದು ಹೇಳಿ ಬಿಕ್ಕಿದ. ನಾನು ಸಮಾಧಾನ ಮಾಡಿದೆ. ಯಮೀನಾ ಊಟಕ್ಕೆ ನನಗೇ ಮೊದಲು ಬಡಿಸುತ್ತಾಳೆ, ಮಾಂಸದ ಒಳ್ಳೆಯ ತುಂಡು ನನ್ನ ಕಡೆಗೇ ತಳ್ಳುತ್ತಾಳೆ. ನಾನು ತಿನ್ನುತ್ತೇನೆ. ಅವಳ ಮೇಲೆ ಸಿಟ್ಟು ಹೋಗಿಲ್ಲ, ಅವಳಿಲ್ಲದೆ ಒಂದು ದಿನ ಕಳೆಯಲೂ ಆಗುವುದಿಲ್ಲ. ಇದಕ್ಕಿಂತ ಕೆಟ್ಟ ಗತಿ ನನಗೆ ಗೊತ್ತಿಲ್ಲ.

ಮೊನ್ನೆ ಈ ಅಂತಸ್ತಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ಒಂದು ಬಟ್ಟಲು ಶೋರ್ಬಾ ಸಾರು ಹಿಡಿದು ಪರಿಚಯಕ್ಕೆಂದು ಬಂದಳು. ಯಮೀನಾ ಮಗ ಸೊಸೆಯನ್ನು ತೋರಿಸಿದಳು. ಆಮೇಲೆ ಬಂದವಳು ನನ್ನ ಕಡೆ ತಿರುಗಿ, "ಇವರು ನಿಮಗೇನಾಗಬೇಕು?" ಎಂದು ಕೇಳಿದಳು.

"ನಮ್ಮ ಪಕ್ಕದ್ಮನೆಯವಳು," ಎಂದಳು ಯಮೀನಾ.

ಆ ಹೆಂಗಸು ಕಾರಿಡಾರಿನ ಬಾಗಿಲುಗಳನ್ನು ಆ ಕಡೆ ಈ ಕಡೆ ನೋಡಿದಳು. "ಹೌದಾ? ಯಾವ ಮನೆ?" ಎಂದಳು.