ವಾಪಸು ದಾಟುವುದು

ವಯಸ್ಸಾದವರು ಮನೆಯೊಳಗೆ ಬೀಳದಂತೆ ಏನೇನು ಮಾಡಬೇಕು ಎಂದು ಊರೂರು ಸುತ್ತಿ ಪಾಠ ಹೇಳುವವಳು ನಾನು. ಪುತ್ತೂರಿನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಅಂಥವಳ ಮನೆಯಲ್ಲೇ ಅತ್ತೆ ಎರಡು ಸಲ ಬಿದ್ದರು, ಅದೂ ಒಂದೇ ಜಾಗದಲ್ಲಿ. ಮುಂದಿನ ಕ್ಯಾಂಪನ್ನು ನಮ್ಮ ಮನೆಯಲ್ಲೇ ಇಡು ಎಂದು ಗಂಡ ಜಯಪ್ರಕಾಶ್ ತಮಾಷೆ ಮಾಡಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ತಮಾಷೆಯ ವಿಷಯವೇ ಅಲ್ಲ ಅದು. ಮೂಳೆ ಸವೆದಿದೆ, ಇನ್ನೊಂದು ಸಲ ಬಿದ್ದರೆ ಸೊಂಟ ಮುರಿಯುತ್ತದೆ, ಮತ್ತೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದರು.

ನಮ್ಮದು ಕಡಬದಲ್ಲಿ ತಾರಸಿ ಮನೆ. ಅತ್ತೆಯ ಕೋಣೆಯಿಂದ ಬಚ್ಚಲಿಗೆ ಸಣ್ಣ ಪ್ಯಾಸೇಜು. ಹೋದ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಮಾವ ಬೋಜಪ್ಪ ಗೌಡರು ಒದ್ದೆ ಕಾಲಲ್ಲಿ ಜಾರಿ ಬಿದ್ದದ್ದು ಅಲ್ಲಿಯೇ. ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟರು. ಆಮೇಲೆ ನಾನು ಆ ಪ್ಯಾಸೇಜಿನ ಎಡಗೋಡೆಯುದ್ದಕ್ಕೂ ಸ್ಟೀಲಿನ ಹಿಡಿ ಹಾಕಿಸಿದೆ. ಜಾರುವ ಟೈಲ್ಸ್ ಕೀಳಿಸಿ ಒರಟು ಟೈಲ್ಸ್ ಕೂರಿಸಿದೆ. ಕಾಲೊರಸು ತೆಗೆದೆ, ಅತ್ತೆಯ ನೈಟಿಯ ಅಂಚು ಮಡಚಿ ಹೊಲಿಸಿದೆ, ಕಣ್ಣು ತೋರಿಸಿದೆ, ಬಿಪಿ ಮಾತ್ರೆಯನ್ನೂ ಬದಲಿಸಿದ್ದಾಯಿತು. ಆದರೂ ಅತ್ತೆ ಅಲ್ಲೇ ಹಾಡಹಗಲಲ್ಲಿ, ಒಣಗಿದ ನೆಲದ ಮೇಲೆ ಬೀಳುತ್ತಾರೆಂದರೆ ಏನರ್ಥ?

ರಜೆ ಹಾಕಿ ಕೂತು ನೋಡಿದೆ. ಅತ್ತೆ ಹಿಡಿ ಹಿಡಿದುಕೊಂಡು ಚೆನ್ನಾಗಿಯೇ ಬರುತ್ತಿದ್ದರು. ಪ್ಯಾಸೇಜಿನ ನಡುವೆ ಬಂದ ಕೂಡಲೇ ಹಿಡಿ ಬಿಟ್ಟು, ಎದುರು ಗೋಡೆಗೆ ಬೆನ್ನು ಆನಿಸಿ, ಕಾಲಿಗೆ ಕಾಲು ಜೋಡಿಸುತ್ತ ಅಡ್ಡಡ್ಡ ಸರಿದರು. ಬಸ್ಸಿನಲ್ಲಿ ಕೂತವರ ಮೊಣಕಾಲು ತಪ್ಪಿಸಿ ಸೀಟಿಗೆ ಹೋಗುವ ಹಾಗೆ. ಯಾಕೆ ಹೀಗೆ ಎಂದು ಕೇಳಿದೆ. ಸಿಟ್ಟಿನಿಂದ ಮತ್ತೆ ಕೇಳಿದೆ. ನಾನು ತುಳುವಿನವಳಾದ್ದರಿಂದ ಅತ್ತೆ ನನ್ನ ಹತ್ತಿರ ತಮ್ಮ ಮನೆಮಾತಾದ ಅರೆಭಾಷೆ ಬಿಟ್ಟು ಕನ್ನಡದಲ್ಲೇ ಮಾತಾಡುವುದು.

"ಅವರು ಅಲ್ಲಿ ಮಲಗಿದ್ದಾರಲ್ಲ, ಭವಿತಾ," ಎಂದರು.

ಆ ದಿನ ಅತ್ತೆ ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದರಂತೆ. ಸದ್ದು ಕೇಳಿ ಹೊರಗೆ ಬಂದರೆ ಮಾವ ಪ್ಯಾಸೇಜಿಗೆ ಅಡ್ಡ ಬಿದ್ದಿದ್ದಾರೆ, ಕಣ್ಣು ತೆರೆದೇ ಉಂಟು. ಫೋನು ಕೋಣೆಯಲ್ಲಿ. ಅತ್ತೆ ಅವರ ಎದೆಯ ಮೇಲಿಂದ ಕಾಲು ಹಾಕಿ ದಾಟಿ ಓಡಿದರು. ಮಲಗಿದವರನ್ನು ದಾಟಬಾರದು, ದಾಟಿದರೆ ವಾಪಸು ದಾಟಿ ಸರಿಮಾಡಬೇಕು ಎಂದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಅತ್ತೆ ಫೋನು ಮಾಡಿ ಮರಳಿ ಬರುವಷ್ಟರಲ್ಲಿ ಪಕ್ಕದ ಮನೆಯ ಕದೀಜಮ್ಮನ ಮಗ ಫಾಝಿಲ್ ಓಡಿಬಂದು ಮಾವನನ್ನೆತ್ತಿ ಕಾರಿಗೆ ಹಾಕಿಯಾಗಿತ್ತು.

"ಕಾಲಿನ ಹತ್ತಿರ ಜಾಗ ಇತ್ತು. ಅವಸರದಲ್ಲಿ ನಂಗೆ ಕಾಣ್ಲಿಲ್ಲ. ಅವರು ನೋಡ್ತಾ ಇದ್ರು," ಎಂದರು ಅತ್ತೆ.

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೆ ಅಷ್ಟು ಹೊತ್ತೂ ಆ ಟೈಲ್ಸಿನ ನಡುವೆಯೇ ಕುಕ್ಕರುಗಾಲಲ್ಲಿ ಕೂತಿದ್ದವಳು ಎದ್ದು ಪಕ್ಕಕ್ಕೆ ಬಂದೆ. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ.

ವಿಷಯ ತಿಳಿದ ಜಯಪ್ರಕಾಶ್, ಅಮ್ಮನನ್ನು ಎದುರಿನ ಕೋಣೆಗೆ ಹಾಕಿ ಈ ಬಚ್ಚಲಿಗೆ ಬೀಗ ಜಡಿಯೋಣ ಎಂದರು. ನನಗೂ ಸರಿಯೆನಿಸಿತ್ತು. ಅತ್ತೆ ಮಗನ ಮುಖ ನೋಡಿದರು.

"ನಾನೂ ಆ ಕಡೆ ಹೋದ್ರೆ ಅವರೊಬ್ರೇ ಇಲ್ಲಿ ಬಿದ್ದುಕೊಂಡು ಇರುದಾ?"

ಹಾಗಾದರೆ ವಾಪಸು ದಾಟಿಯೇ ಬಿಡಿ ಎಂದು ನಾನೇ ಹೇಳಿದೆ. ಮನಸ್ಸಿಗೆ ಸಮಾಧಾನವಾದರೆ ನಡಿಗೆ ನೆಟ್ಟಗಾಗುತ್ತದೆ, ಅಷ್ಟೇ ನನ್ನ ಲೆಕ್ಕಾಚಾರ.

ಮರುದಿನ ಊಟವಾದ ಮೇಲೆ ರೋಗಿಗಳಿಗೆ ಕಟ್ಟುವ ಬೆಲ್ಟನ್ನು ಅತ್ತೆಯ ಸೊಂಟಕ್ಕೆ ಕಟ್ಟಿ ಹಿಂದಿನಿಂದ ಹಿಡಿದುಕೊಂಡೆ. ಅವರ ಎಡಗೈ ಹಿಡಿಯ ಮೇಲೆ. ಆ ಜಾಗಕ್ಕೆ ಬಂದಾಗ ಅತ್ತೆ ನಿಂತು ಬಲಗಾಲು ಎತ್ತಿದರು. ಒಂದು ಗೇಣು ಕೂಡ ಏಳಲಿಲ್ಲ, ನಡುಗಿ ಕೆಳಗಿಳಿಯಿತು. ಮತ್ತೆ ಎತ್ತಿದರು, ಮತ್ತೆ ಇಳಿಯಿತು. ಸಾಕು, ಬಿದ್ದೇ ಬಿಡುತ್ತಾರೆ ಎಂದು ನಾನು ಬೆಲ್ಟು ಹಿಂದಕ್ಕೆಳೆಯುವುದರೊಳಗೆ ಅತ್ತೆ ಬಗ್ಗಿ ಬಲಗೈಯನ್ನು ನೆಲದ ಕಡೆಗೆ ಚಾಚಿದರು.

"ನನ್ನ ಕಾಲು ಈಗ ಅಷ್ಟು ಎತ್ಲಿಕ್ಕೆ ಆಗುದಿಲ್ಲ. ನೀವೇ ಏಳಿ," ಎಂದರು.

ಬೆಲ್ಟು ನನ್ನ ಕೈಯಲ್ಲಿ ಜಗ್ಗಿತು. ಬಿದ್ದವರು ಕೈಹಿಡಿದು ಏಳುವಾಗ ಎತ್ತುವವರ ಸೊಂಟಕ್ಕೆ ಎಷ್ಟು ಭಾರ ಬೀಳುತ್ತದೆ ಎಂದು ನನಗೆ ಗೊತ್ತು, ದಿನಾ ಮಾಡುವ ಕೆಲಸ. ಅಷ್ಟೇ ಭಾರ. ನಾನು ಕಾಲೂರಿ ನಿಂತು ತಡೆದೆ. ಸ್ವಲ್ಪ ಹೊತ್ತಿಗೆ ಅದು ಹಗುರವಾಯಿತು. ಅತ್ತೆ ನೆಟ್ಟಗೆ ನಿಂತು, ನಡುವಿನ ಟೈಲ್ಸಿನ ಮೇಲೆ ಪಾದವಿಟ್ಟು ಬಚ್ಚಲಿನವರೆಗೆ ನಡೆದರು.

ಆಮೇಲೆ ಅವರು ಬಿದ್ದಿಲ್ಲ. ಎಡಗೈ ಹಿಡಿಯ ಮೇಲಿರುತ್ತದೆ. ಬಲಗೈಯನ್ನು ಮಾತ್ರ ಮೈಯಿಂದ ತುಸು ದೂರ, ಬೆರಳು ಮಡಚಿ, ಯಾರಿಗೋ ಆಸರೆ ಕೊಟ್ಟಂತೆ ಹಿಡಿದಿರುತ್ತಾರೆ. ಕೈ ಹಾಗೆ ಹಿಡಿಯಬಾರದು ಎಂದು ಬೇರೆ ರೋಗಿಗಳಿಗಾದರೆ ಗದರುತ್ತಿದ್ದೆ. ಅತ್ತೆಗೆ ಹೇಳುವುದಿಲ್ಲ. ಅವರು ಬಚ್ಚಲಿಗೆ ಹೊರಟರೆ ಕೋಣೆಯ ಬಾಗಿಲಲ್ಲೇ ನಿಂತು ಕಾಯುತ್ತೇನೆ. ಆ ಪ್ಯಾಸೇಜಿನಲ್ಲಿ ಮೂವರಿಗೆ ಜಾಗವಿಲ್ಲ.